ಚೂರುಪಾರಿನ ಚೀಲ

ಮೇಸ್ತ್ರಿಯ ಬೆರಳಿನಿಂದ ಒಂದು ಹನಿ ರಕ್ತ ಬರುವ ತನಕ ಆ ಮನೆಯಲ್ಲಿ ಯಾರಿಗೂ ಬೆಳಗಿನ ಕಾಫಿ ಸಿಗುತ್ತಿರಲಿಲ್ಲ. ಮಗನಿಗೆ ಪ್ರಿಂಟಿಂಗ್ ಪ್ರೆಸ್ಸಿಗೆ ಹೊತ್ತಾಗಿರಲಿ, ಸೊಸೆಯ ಗಾರ್ಮೆಂಟ್ಸ್ ವ್ಯಾನು ತಿರುವಿನಲ್ಲಿ ನಿಂತು ಹಾರ್ನ್ ಹೊಡೆಯುತ್ತಿರಲಿ, ಮೊದಲು ಬೆರಳು, ಆಮೇಲೆ ಮೆಷಿನ್ನಿನಲ್ಲಿ ನಂಬರು, ಆಮೇಲೆ ಸೂಜಿ. ಇಷ್ಟೂ ಮುಗಿದ ಮೇಲೆ ಕಾಫಿ. ಈ ಕಾನೂನು ಮಾಡಿದವಳು ಮೇಸ್ತ್ರಿಯ ಹೆಂಡತಿ. ಮಗ ಅವಳಿಗೆ ಇನ್ಸ್‌ಪೆಕ್ಟ್ರಮ್ಮ ಎಂದು ಹೆಸರಿಟ್ಟಿದ್ದ, ಆ ಹೆಸರು ಮೇಸ್ತ್ರಿಯ ಬಾಯಿಂದ ಬೇಕರಿಯವರೆಗೂ ಹೋಗಿತ್ತು.

ಮೇಸ್ತ್ರಿ ಎಂದರೆ ಬೇಕರಿಯ ಭಟ್ಟಿ ಮೇಸ್ತ್ರಿ. ಮದುವೆಗೂ ಮುಂಚಿನಿಂದ ಅದೇ ಭಟ್ಟಿಯ ಬಾಯಿಗೆ ಎದೆಯೊಡ್ಡಿ ನಿಂತು ಬ್ರೆಡ್ಡು, ಬನ್ನು, ಕೇಕು ಬೇಯಿಸಿದವನು. ಮೊಣಕೈವರೆಗೂ ಸುಟ್ಟ ಗೆರೆಗಳು. ಕಾದ ತಟ್ಟೆಯನ್ನು ಹಳೇ ಬಟ್ಟೆಯ ತುಂಡಿನಲ್ಲಿ ಹಿಡಿದು ಎಳೆಯುವ ಈ ಮನುಷ್ಯ ಸೂಜಿ ಕಂಡರೆ ಮಾತ್ರ ಎಳೆ ಮಗುವಿಗಿಂತ ಕಡೆ. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗದೆ ಇನ್ಸುಲಿನ್‌ಗೆ ಬಂದ ದಿನದಿಂದ ಚುಚ್ಚುವ ಕೆಲಸ ಹೆಂಡತಿಯದೇ. ಅವನು ಅಂಗಿ ಎತ್ತಿ, ಮುಖ ತಿರುಗಿಸಿ, ಅಡುಗೆಮನೆಯ ಗೋಡೆಯಲ್ಲಿ ಸುಣ್ಣ ಉದುರಿದ ಜಾಗವನ್ನೇ ನೋಡುತ್ತ ಕೂರುತ್ತಿದ್ದ. ಅವಳು "ಆಯ್ತು" ಎನ್ನುವವರೆಗೆ ಉಸಿರು ಬಿಡುತ್ತಿರಲಿಲ್ಲ.

ಮೊದಲ ದಿನವೇ ಡಾಕ್ಟರು ಅವಳನ್ನು ಕೂರಿಸಿಕೊಂಡು ಹೇಳಿದ್ದರು. "ಸಕ್ಕರೆ ಏರಿದ್ರೆ ನಿಧಾನಕ್ಕೆ ಹಾಳು ಮಾಡುತ್ತೆ ಅಮ್ಮ. ಇನ್ಸುಲಿನ್ ಜಾಸ್ತಿಯಾಗಿ ಸಕ್ಕರೆ ಕುಸಿದ್ರೆ ಪುರುಸೊತ್ತು ಕೊಡಲ್ಲ, ಜೀವಕ್ಕೇ ಬರುತ್ತೆ. ಸಿರಿಂಜಿನ ಗೀಟು ನೋಡಿ ಎಳೀರಿ."

ಅವತ್ತಿನಿಂದ ಗಂಡನ ಜೀವ ತನ್ನ ಕೈಯಲ್ಲೇ ಇದೆ ಎಂದು ಅವಳಿಗೆ ಖಾತ್ರಿಯಾಯಿತು. ಅದು ಹೆದರಿಕೆಯೂ ಹೌದು, ಹೆಮ್ಮೆಯೂ ಹೌದು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಅವನ ತಟ್ಟೆಯಿಂದ ಅನ್ನ ತೆಗೆದಳು, ಕಾಫಿಯಿಂದ ಸಕ್ಕರೆ ತೆಗೆದಳು, ಜೇಬು ತಡವಿ ಚಾಕೊಲೇಟಿನ ಕಾಗದ ತೆಗೆದಳು.

"ಇವಳು ನನ್ನ ಆಯಸ್ಸು ಉದ್ದ ಮಾಡ್ತಾಳೋ, ಆಯಸ್ಸು ಉದ್ದ ಅನ್ನಿಸೋ ಹಾಗೆ ಮಾಡ್ತಾಳೋ ಗೊತ್ತಾಗ್ತಿಲ್ಲ" ಎಂದು ಮೇಸ್ತ್ರಿ ಬೇಯಿಸಿದ ಸೊಪ್ಪು ಅಗಿಯುತ್ತ ಸೊಸೆಗೆ ಹೇಳುತ್ತಿದ್ದ.

"ತಿನ್ನಿ ಮಾವ, ತಿನ್ನಿ. ಕೇಳಿಸ್ಕೊಂಡ್ರೆ ಅದೂ ಹೋಗುತ್ತೆ."

ಆದರೆ ಒಂದು ವಿಷಯದಲ್ಲಿ ಮೇಸ್ತ್ರಿಯ ಕೈ ಕಟ್ಟಿತ್ತು. ಭಟ್ಟಿ ಆರಿಸುವ ಹೊತ್ತಿಗೆ ಮಾಲೀಕ ಅವತ್ತಿನ ಚೂರುಪಾರನ್ನು ಕೆಲಸದವರಿಗೆ ಹಂಚುತ್ತಿದ್ದ. ಬಿರುಕು ಬಿಟ್ಟ ಬನ್ನು, ಮುರಿದ ಬಿಸ್ಕತ್ತು, ಚೌಕ ಕತ್ತರಿಸುವಾಗ ಉಳಿದ ಕೇಕಿನ ಅಂಚು. ಮೊದಲ ಚೀಲ ಮೇಸ್ತ್ರಿಗೆ, ಆಮೇಲೆ ಮಿಕ್ಕವರಿಗೆ. ಕಾಯಿಲೆ ಗೊತ್ತಾದ ಹೊಸದರಲ್ಲಿ ಮೇಸ್ತ್ರಿ "ನಂಗೆ ಬೇಡ" ಎಂದಿದ್ದ. "ಮೇಸ್ತ್ರಿಗೇ ಬೇಡ ಅಂದ್ಮೇಲೆ ಇನ್ಯಾರಿಗೆ? ನಾಳೆಯಿಂದ ಎಲ್ಲಾ ಸೇರಿಸಿ ಅರ್ಧ ರೇಟಿಗೆ ಮಾರಿಬಿಡ್ತೀನಿ" ಎಂದ ಮಾಲೀಕ. ಹಿಟ್ಟು ನಾದುವವರ, ತಟ್ಟೆ ತೊಳೆಯುವವರ ಮುಖ ಸಪ್ಪಗಾದದ್ದನ್ನು ಕಂಡು ಮೇಸ್ತ್ರಿ ತೆಪ್ಪಗೆ ಕೈಚಾಚಿದ. ಅಲ್ಲಿಂದೀಚೆಗೆ ದಿನಾ ಸಂಜೆ ಚೀಲ ಮನೆಗೆ ಬಂತು, ದಿನಾ ಸಂಜೆ ಬಾಗಿಲಲ್ಲೇ ಜಪ್ತಿಯಾಯಿತು.

ಜಪ್ತಿಯಾದ ಮಾಲು ಅಡುಗೆಮನೆಯ ಮೇಲಿನ ಹಲಗೆಯ ಡಬ್ಬಕ್ಕೆ ಹೋಗುತ್ತಿತ್ತು. ಮಗ ಹೊರಗೇ ತಿಂದು ಬರುವವನು, ಅವನಿಗೆ ಬೇಕರಿಯ ವಾಸನೆಯೇ ಆಗದು. ಸೊಸೆ ದಿನವಿಡೀ ಕೂತು ಕಾಲರ್ ಹೊಲಿಯುವವಳು. "ಅಯ್ಯೋ ಅತ್ತೆ, ನನ್ನ ಸೊಂಟ ನೋಡಿದ್ದೀರಾ?" ಎಂದು ದೂರ ಸರಿಯುತ್ತಿದ್ದಳು. ಹಾಗಂತ ಗಂಡನ ಕೈಯಲ್ಲಿ ಬೆಂದದ್ದನ್ನು ಕಸಕ್ಕೆ ಹಾಕುವುದೇ? ಇನ್ಸ್‌ಪೆಕ್ಟ್ರಮ್ಮ ಪಾತ್ರೆ ತೊಳೆಯುವ ಮುಂಚೆ ಎರಡು ಬನ್ನು, ತೊಳೆದಾದ ಮೇಲೆ ಟೀ ಜೊತೆ ಒಂದಷ್ಟು ಕೇಕಿನ ಅಂಚು ತಿಂದು ಡಬ್ಬ ಖಾಲಿ ಮಾಡುತ್ತಿದ್ದಳು. ಗಂಡನ ತಟ್ಟೆಯಿಂದ ತೆಗೆದ ಅನ್ನವೂ ಅವಳ ಪಾಲಿಗೇ. ಊಟ ಎಂದರೆ ತಟ್ಟೆ ಹಾಕಿಕೊಂಡು ಕೂರುವುದು ಎಂದು ಅವಳ ಎಣಿಕೆ. ನಿಂತು ತಿಂದದ್ದು ಮನೆಗೆಲಸದ ಪೈಕಿ. ಇದನ್ನು ಯಾರೂ ನೋಡಲಿಲ್ಲ ಎಂದಲ್ಲ, ಎಲ್ಲರೂ ದಿನಾ ನೋಡಿದರು. ಹೆಂಗಸು ಅಡುಗೆಮನೆಯಲ್ಲಿ ನಿಂತು ಏನೋ ಬಾಯಿಗೆ ಹಾಕಿಕೊಳ್ಳುವುದನ್ನು ಯಾರು ತಾನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ!

ಆ ಬೇಸಿಗೆಯಲ್ಲಿ ಅವಳ ಮೈ ಇಳಿಯಿತು. ರವಿಕೆಯ ತೋಳು ಸಡಿಲವಾಯಿತು. "ಏನ್ರೀ, ಹುಡುಗಿ ಥರ ಆಗಿದ್ದೀರಿ" ಎಂದಳು ಪಕ್ಕದ ಮನೆಯಾಕೆ. ಇನ್ಸ್‌ಪೆಕ್ಟ್ರಮ್ಮನಿಗೆ ಒಳಗೊಳಗೇ ಖುಷಿ. ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು, ಒಲೆಯ ಮುಂದೆ ನಿಂತವಳಿಗೆ ಬಾಯಾರದೆ ಇರುತ್ತದೆಯೇ. ಕೈಕಾಲು ಸೋತು ಬರುತ್ತಿತ್ತು, ಈ ವಯಸ್ಸಿಗೆ ಸೋಲದೆ ಇರುತ್ತದೆಯೇ. ಕಣ್ಣು ಮಂಜಾಗತೊಡಗಿದ್ದಕ್ಕೆ ಮಾತ್ರ ಮಗನ ಕೈಲಿ ಕನ್ನಡಕ ಮಾಡಿಸಿಕೊಂಡಳು. ಮೂರು ವಾರ ಚೆನ್ನಾಗಿ ಕಂಡಿತು. ಆಮೇಲೆ ಮತ್ತೆ ಮಂಜು.

ರಜೆಯ ದಿನ ಸೊಸೆಯನ್ನು ಎಳೆದುಕೊಂಡು ಕನ್ನಡಕದಂಗಡಿಗೆ ಜಗಳಕ್ಕೇ ಹೋದಳು.

"ಏನಪ್ಪಾ, ಗಾಜು ಹಾಕಿದ್ದೀಯೋ, ಬಾಟಲಿ ತಳ ಹಾಕಿದ್ದೀಯೋ?"

ಅಂಗಡಿಯವ ಮತ್ತೆ ಕೂರಿಸಿ ಅಕ್ಷರ ಓದಿಸಿದ. ತಲೆ ಕೆರೆದುಕೊಂಡ. "ಅಮ್ಮ, ನಂಬರು ಬದಲಾಗಿದೆ. ಹೋದ ಸಲ ನಾನೇ ನೋಡಿದ್ದಲ್ವಾ? ಇಷ್ಟು ಬೇಗ ಹೀಗೆ ಆಗಬಾರದು. ಯಾವುದಕ್ಕೂ ಒಂದ್ಸಲ ಡಾಕ್ಟರ ಹತ್ರ ತೋರಿಸ್ಕೊಳ್ಳಿ."

"ನಿನ್ನ ಮೆಷಿನ್ನು ಕೆಟ್ಟರೆ ನಾನ್ಯಾಕೆ ಡಾಕ್ಟರ ಹತ್ರ ಹೋಗ್ಬೇಕು?"

ದಾರಿಯುದ್ದಕ್ಕೂ ಅವನಿಗೆ ಬೈದಳು. ಮನೆ ಹತ್ತಿರ ಬಂದಾಗ ದನಿ ತಗ್ಗಿಸಿ, "ಮನೇಲಿ ಹೇಳ್ಬೇಡ. ನಿನ್ನ ಗಂಡ ಮೊದಲೇ ದುಡ್ಡು ದಂಡ ಅಂತ ಕುಣಿತಾನೆ" ಎಂದಳು. ಸೊಸೆ ಹೂಂ ಎಂದಳು. ಒಗೆಯುವ ಬಟ್ಟೆ ರಾಶಿ ಬಿದ್ದಿತ್ತು, ಅವಳಿಗೂ ಅದನ್ನು ಮರೆಯುವುದೇ ಅನುಕೂಲವಾಗಿತ್ತು.

ಅದಾದ ಮೇಲೆ ಬೆಳಗಿನ ಕಾನೂನಿನಲ್ಲಿ ಒಂದು ಸಣ್ಣ ತಿದ್ದುಪಡಿ ಬಂತು. ಮೊದಲೆಲ್ಲ ಮೆಷಿನ್ನಿನ ನಂಬರನ್ನು ಅವಳೇ ಗಟ್ಟಿಯಾಗಿ ಓದುತ್ತಿದ್ದಳು. ಈಗ "ನೀವೇ ಓದ್ರೀ, ನಿಮ್ಮ ಪಾಪ ನಿಮ್ಮ ಬಾಯಲ್ಲೇ ಬರಲಿ" ಎಂದು ಗಂಡನ ಮುಂದೆ ಹಿಡಿಯುತ್ತಿದ್ದಳು. ಅವನು ಓದುತ್ತಿದ್ದ. ನಂಬರು ಇಳಿಯುತ್ತಿತ್ತು. ದಿನದಿಂದ ದಿನಕ್ಕೆ ಇಳಿಯುತ್ತಿತ್ತು.

"ನೋಡಿದ್ರಾ? ನಾನು ಬಿಗಿ ಹಿಡಿದಿದ್ದಕ್ಕೆ ದಾರಿಗೆ ಬಂತು" ಎಂದು ಇನ್ಸ್‌ಪೆಕ್ಟ್ರಮ್ಮ ಬೀಗಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ, ಸಿರಿಂಜನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಎಳೆಯುತ್ತಿದ್ದಳು. ಗೀಟುಗಳೆಲ್ಲ ಸೇರಿ ಒಂದು ಬೂದು ಪಟ್ಟಿಯಾಗಿ ಕಾಣುತ್ತಿತ್ತು. ಆದರೂ ಕೈಗೆ ಗೊತ್ತಲ್ಲ, ಎಷ್ಟು ವರ್ಷದ ಕೈ. ಮೇಸ್ತ್ರಿ ಗೋಡೆ ನೋಡುತ್ತಿದ್ದ.

ಕಾಯಿಲೆ ದಾರಿಗೆ ಬಂದ ಮೇಸ್ತ್ರಿ ಯಾಕೋ ಸಿಡುಕನಾದ. ಮಧ್ಯಾಹ್ನದ ಹೊತ್ತಿಗೆ ಬೆವರು, ಕೈ ನಡುಕ. ಒಂದು ಭಾನುವಾರ ಊಟಕ್ಕೆ ಕೂತವನು ತಟ್ಟೆ ಬರುವುದು ತಡವಾಯಿತೆಂದು ಲೋಟ ಎತ್ತಿ ಒಗೆದ. ಆ ಮನೆಯಲ್ಲಿ ಅವನು ಯಾವತ್ತೂ ಹಾಗೆ ಮಾಡಿದವನಲ್ಲ.

ಮಗ ಎದ್ದು ನಿಂತ. "ಬೇಕರೀಲಿ ಏನೋ ತಿಂತಿದ್ದೀಯ ಅಪ್ಪ ನೀನು. ಅದಕ್ಕೇ ಹೀಗೆಲ್ಲಾ ಆಗ್ತಿರೋದು. ಅಮ್ಮ ಇಲ್ಲಿ ಸಾಯ್ತಾಳೆ ನಿಂಗೋಸ್ಕರ, ನೀನು ಅಲ್ಲಿ ಕದ್ದು ತಿಂತೀಯ."

"ನಿನ್ನಾಣೆ ಒಂದು ಚೂರೂ ಮುಟ್ಟಿಲ್ಲ ಕಣೋ."

"ನನ್ನ ಮೇಲೆ ಯಾಕೆ ಆಣೆ?"

"ಮೆಟ್ಟಿಲ ಮೇಲೆ ಕೂತು ಪ್ಯಾಕು ಪ್ಯಾಕು ಸಿಗರೇಟು ಸುಡೋನು ನಂಗೆ ಬುದ್ಧಿ ಹೇಳೋಕೆ ಬಂದ."

"ನನ್ನ ಸಿಗರೇಟಿಗೂ ನಿನ್ನ ಸಕ್ಕರೆಗೂ ಏನು ಸಂಬಂಧ?"

"ಎರಡೂ ಒಂದೇ ಮನೆಗೆ ಹೊರೆ, ಅದೇ ಸಂಬಂಧ" ಎಂದಳು ಸೊಸೆ, ಲೋಟದ ಚೂರು ಗುಡಿಸುತ್ತ. ಅವಳಿಗೆ ಸಾಕಾಗಿ ಹೋಗಿತ್ತು.

ಇನ್ಸ್‌ಪೆಕ್ಟ್ರಮ್ಮ ಗಂಡನ ಪರ ನಿಲ್ಲಲಿಲ್ಲ. ಅವಳಿಗೂ ಗುಮಾನಿಯೇ. ಬೆಳಗಿನ ನಂಬರು ಇಳಿದರೇನು, ಹಗಲಲ್ಲಿ ಏನು ತಿನ್ನುತ್ತಾನೋ ಯಾರು ಕಂಡರು. ಮಾರನೇ ಬೆಳಿಗ್ಗೆ ಅವನ ಊಟದ ಡಬ್ಬಿಯಿಂದ ಇನ್ನೊಂದು ಹಿಡಿ ಅನ್ನ ಕಡಿಮೆ ಮಾಡಿದಳು.

ಆ ವಾರವೇ ಮೇಸ್ತ್ರಿ ಭಟ್ಟಿಯ ಮುಂದೆ ಕುಸಿದು ಕೂತ. ಬ್ರೆಡ್ಡಿನ ತಟ್ಟೆ ಒಳಗಿಟ್ಟು ತಿರುಗಿದವನಿಗೆ ಎದುರಿದ್ದವರ ಹೆಸರು ಮರೆತುಹೋಯಿತು. ಮೈಯೆಲ್ಲ ಬೆವರಿ ಅಂಗಿ ಮೈಗಂಟಿತು. ಹಿಟ್ಟು ನಾದುವವನಿಗೆ ಯಾರೋ ನೆಂಟರ ಮನೆಯಲ್ಲಿ ಇಂಥದ್ದು ನೋಡಿದ ನೆನಪು. ಓಡಿಹೋಗಿ ಸಕ್ಕರೆ ಪಾಕ ತಂದ. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಮೇಸ್ತ್ರಿ ಹಲ್ಲು ಕಚ್ಚಿಕೊಂಡ. ಬೆರಳು ಹಾಕಿ ಬಾಯಿ ಬಿಡಿಸಲು ಹೋದರೆ ತಲೆ ಅಲ್ಲಾಡಿಸಿದ. "ಬೇಡ, ಬೇಡ... ಅವಳು ಬೈತಾಳೆ" ಎಂದು ತೊದಲಿದ. ಆ ಮಾತಿಗೆ ಹಲ್ಲು ಸಡಿಲವಾದಾಗಲೇ ಮಾಲೀಕ ಪಾಕವನ್ನು ಹನಿಹನಿಯಾಗಿ ತುಟಿಯೊಳಗೆ ಬಿಟ್ಟ. ಅರೆಪ್ರಜ್ಞೆಯಲ್ಲೂ ಹೆಂಡತಿಗೆ ಹೆದರುವವನನ್ನು ಬೇಕರಿಯವರು ಅವತ್ತೇ ಮೊದಲು ನೋಡಿದ್ದು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಮಗ ಪ್ರೆಸ್ಸಿನಿಂದ ಮಸಿಗೈಯಲ್ಲೇ ಓಡಿ ಬಂದ.

"ಸಕ್ಕರೆ ತೀರಾ ಕೆಳಗಿಳಿದಿದೆ" ಎಂದರು ಡಾಕ್ಟರು.

"ಇಳಿದ್ರೆ ಒಳ್ಳೇದಲ್ವಾ ಸಾರ್?"

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವತ್ತು ಎಷ್ಟನೇ ಸಲ ಇದನ್ನು ಹೇಳುತ್ತಿದ್ದರೋ. "ಇನ್ನರ್ಧ ಗಂಟೆ ತಡ ಆಗಿದ್ರೆ ನೀವು ನನ್ನ ಹತ್ರ ಅಲ್ಲ, ಬೇರೆ ಕಡೆಗೆ ಹೋಗ್ಬೇಕಿತ್ತು. ಊಟ ಬಿಟ್ಟಿದ್ರಾ? ಇನ್ಸುಲಿನ್ ಯಾರು ಹಾಕೋದು?"

"ನಮ್ಮಮ್ಮ. ಅವರ ಕೈ ತಪ್ಪಲ್ಲ ಬಿಡಿ ಸಾರ್."

ಮರುದಿನ ಮೇಸ್ತ್ರಿಯನ್ನು ಮನೆಗೆ ಕಳಿಸಿದರು. ಬಂದವರೆಲ್ಲ ಸುಸ್ತಾಗಿದ್ದರು, ಸುಸ್ತಾದವರು ಸುಮ್ಮನಿರುವುದು ಕಷ್ಟ. ಮಗ ಅಪ್ಪನ ಮೇಲೆ ಹರಿಹಾಯ್ದ. ಊಟ ಬಿಟ್ಟೆ ಎಂದ, ಹಟ ಎಂದ. ಅಮ್ಮನೂ ದನಿ ಸೇರಿಸಿದಳು. ಮೇಸ್ತ್ರಿ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ಇವರ ಗದ್ದಲದ ನಡುವೆ ಸೊಸೆಗೆ ಕನ್ನಡಕದಂಗಡಿಯವನ ಮಾತು ನೆನಪಾಯಿತು.

ಅವಳು ಒಂದು ಲೋಟ ನೀರು, ಒಂದು ಖಾಲಿ ಸಿರಿಂಜು ತಂದು ಅತ್ತೆಯ ಮುಂದಿಟ್ಟಳು.

"ಅತ್ತೆ, ಮಾವನಿಗೆ ಎಳೀತೀರಲ್ಲ, ಅಷ್ಟು ನೀರು ಎಳೆದು ತೋರಿಸಿ."

"ಏನೇ ಇದು ಪರೀಕ್ಷೆ?"

"ಎಳೀರಿ ಅತ್ತೆ."

ಇನ್ಸ್‌ಪೆಕ್ಟ್ರಮ್ಮ ಮೂಗು ಮುರಿದು, ಕಿಟಕಿಯ ಕಡೆ ತಿರುಗಿ, ಎಳೆದಳು. ಸೊಸೆ ತೆಗೆದುಕೊಂಡು ನೋಡಿ ಗಂಡನ ಕೈಗೆ ಕೊಟ್ಟಳು. ಇಪ್ಪತ್ತು ಗೀಟಿಗೆ ನಿಲ್ಲಬೇಕಾದ ನೀರು ಮೂವತ್ತು ದಾಟಿತ್ತು.

ಮಗ ನೋಡಿದ. ಮತ್ತೊಮ್ಮೆ ನೋಡಿದ. "ಅಮ್ಮ..." ಎಂದ, ಸಿರಿಂಜನ್ನು ಬೆಳಕಿಗೆ ತಿರುಗಿಸುತ್ತ.

"ಎಷ್ಟಿದೆ?" ಎಂದು ಅವಳೇ ಕೇಳಿದಳು. "ಹೇಳ್ರೋ, ಎಷ್ಟಿದೆ?"

"ನಿಮಗೆ ಗೀಟು ಕಾಣಲ್ಲ ಅಲ್ವಾ ಅತ್ತೆ?"

ಅವಳು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ಕೈಗೆ ಗೊತ್ತಿತ್ತು... ಕೈಗೆ ಗೊತ್ತಿತ್ತಲ್ವಾ" ಎಂದಳು. ಆ ಹೆಂಗಸಿನ ಮುಖ ನೋಡಲಾಗುತ್ತಿರಲಿಲ್ಲ.

ಸೊಸೆ ಬಿಡಲಿಲ್ಲ. ಸಂಕಟ ಅವಳಿಗೂ ಆಗಿತ್ತು, ಆದರೆ ಹಿಡಿದ ಕೆಲಸ ಮುಗಿಸುವ ಹುಡುಗಿ. ಮೆಷಿನ್ನು ತಂದಳು.

"ಬೆರಳು ಕೊಡಿ."

"ಅದು ಅವರ ಮೆಷಿನ್ನು. ರಕ್ತ ಹಾಕೋ ಆ ಪಟ್ಟಿ ಒಂದೊಂದಕ್ಕೂ ಎಷ್ಟು ದುಡ್ಡು ಗೊತ್ತಾ? ನಂಗೇನಾಗಿದೆ?"

ಮೇಸ್ತ್ರಿ ಮಂಚದಿಂದ ಇಳಿದು ಬಂದ. ಹೆಂಡತಿಯ ಪಕ್ಕ ಕೂತು ಅವಳ ಕೈ ಎಳೆದುಕೊಂಡ. ಚುಚ್ಚುವ ಪೆನ್ನನ್ನು ಸೊಸೆಯಿಂದ ಇಸಿದುಕೊಂಡು ತಾನೇ ಒತ್ತಿದ. ಹನಿ ಬಂತು. ಮೆಷಿನ್ನು ತನ್ನ ಪಾಡಿಗೆ ಎಣಿಸಿ ನಂಬರು ತೋರಿಸಿತು.

"ನಾನೂರ ಹನ್ನೆರಡು" ಎಂದು ಓದಿ ಮೇಸ್ತ್ರಿ ತಲೆ ಎತ್ತಿದ. "ಇಷ್ಟು ನಂಗೆ ಯಾವತ್ತೂ ಬಂದಿಲ್ಲ ಕಣೇ."

"ಏನು ತಿಂತಿದ್ದೆ ಅಮ್ಮ ನೀನು?" ಮಗನ ದನಿಯಲ್ಲಿ ಈಗಲೂ ಸಿಟ್ಟೇ ಇತ್ತು. ಅವನಿಗೆ ಬೇರೆ ದನಿ ಗೊತ್ತಿರಲಿಲ್ಲ.

ಸೊಸೆ ಸ್ಟೂಲು ಹತ್ತಿ ಮೇಲಿನ ಹಲಗೆಯ ಡಬ್ಬ ಇಳಿಸಿ, ಮುಚ್ಚಳ ತೆಗೆದು ಎಲ್ಲರ ನಡುವೆ ಇಟ್ಟಳು. ಮೇಸ್ತ್ರಿ ಅದರೊಳಗೆ ನೋಡಿದ. ಪ್ರತಿ ಚೂರಿನ ಗುರುತೂ ಅವನಿಗಿತ್ತು. ಇದು ಮೊನ್ನೆ ಬಿರುಕು ಬಿಟ್ಟ ಬನ್ನು, ಇದು ಹುಟ್ಟುಹಬ್ಬದ ಆರ್ಡರಿನ ಅಂಚು.

"ನಾನು ತಂದಿದ್ದು" ಎಂದ ಮೇಸ್ತ್ರಿ. "ನಾನೇ ದಿನಾ ತಂದು ಕೈಗೆ ಕೊಟ್ಟಿದ್ದು."

ಮುಚ್ಚಳ ಹಾಕುತ್ತ ಸೊಸೆ ಗಂಡನ ಕಡೆ ತಿರುಗಿದಳು. "ನೀವೂ ಒಂದ್ಸಲ ಚೆಕ್ ಮಾಡಿಸ್ಕೊಳ್ಳಿ. ಅಪ್ಪನಿಗಿದೆ, ಅಮ್ಮನಿಗಿದೆ. ಬಿಪಿನೂ ನೋಡಿಸಿ."

"ನಂಗೇನಾಗಿದೆ?" ಎಂದ ಮಗ, ಥೇಟು ಅಮ್ಮನ ದನಿಯಲ್ಲೇ. ಎಂದವನೇ ಜೇಬಿನ ಸಿಗರೇಟು ಪ್ಯಾಕಿನ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲಿಗೆ ಹೋದ.

ಆಮೇಲಿನ ವಾರಗಳು ಕಾಲೆಳೆದುಕೊಂಡು ಹೋದವು. ಇನ್ಸ್‌ಪೆಕ್ಟ್ರಮ್ಮನಿಗೆ ಮಾತ್ರೆ ಕೊಟ್ಟರು. ಕಣ್ಣಿನ ಡಾಕ್ಟರು ಹನಿ ಹಾಕಿ ಒಳಗೆಲ್ಲ ನೋಡಿ, "ಸಕ್ಕರೆ ಹತೋಟಿಗೆ ಬರೋವರೆಗೂ ಹೊಸ ಕನ್ನಡಕ ಬೇಡ. ಈ ಮಂಜು ತಿಳಿಯಾಗಬಹುದು. ಆದ್ರೆ ಹಿಂದೆ ಕಣ್ಣಿನ ಪರದೇಲಿ ಸಣ್ಣಗೆ ಕಲೆ ಶುರುವಾಗಿದೆ, ಅದನ್ನ ಇಲ್ಲಿಗೇ ನಿಲ್ಲಿಸ್ಬೇಕು" ಎಂದರು. ಎರಡು ವರ್ಷ ಮುಂಚೆ ಒಂದು ಹನಿ ರಕ್ತ ನೋಡಿದ್ದರೆ ಸಾಕಿತ್ತಂತೆ. ಆ ಎರಡು ವರ್ಷವೂ ಮೆಷಿನ್ನು ಅವಳ ಕೈಯಲ್ಲೇ ಇತ್ತು.

ಮಾವನಿಗೆ ಸೂಜಿ ಹಾಕುವ ಕೆಲಸ ಸೊಸೆಗೆ ಬಂತು. ವ್ಯಾನು ತಪ್ಪಿ ಎರಡು ಸಲ ಸೂಪರ್‌ವೈಸರ್ ಕೈಲಿ ಬೈಸಿಕೊಂಡಳು. ಅಡುಗೆ ಎಲ್ಲರಿಗೂ ಒಂದೇ ಆಯಿತು. ಮೊದಲ ದಿನ ಮಗ ತಟ್ಟೆ ನೋಡಿ "ನಾನ್ಯಾವ ತಪ್ಪು ಮಾಡಿದ್ದೆ?" ಎಂದ, ಮೂರನೇ ದಿನ ಸುಮ್ಮನೆ ತಿಂದ. ಸಂಜೆ ಮೇಸ್ತ್ರಿ ಬರಿಗೈಯಲ್ಲಿ ಬರತೊಡಗಿದ. ಇನ್ಸ್‌ಪೆಕ್ಟ್ರಮ್ಮ ಮಾತ್ರ ಅಭ್ಯಾಸಬಲದಿಂದ ಬಾಗಿಲಲ್ಲಿ ಕೈಚಾಚುತ್ತಿದ್ದಳು.

"ನನ್ನ ಪಾಲನ್ನೂ ಮಿಕ್ಕ ಕೆಲಸದವರಿಗೇ ಹಂಚೋಕೆ ಹೇಳಿದ್ದೀನಿ" ಎಂದ ಮೇಸ್ತ್ರಿ.

ಅವಳು ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಅವರ ಮನೇಲಿ ನಿಂತ್ಕೊಂಡು ತಿನ್ನೋಳು ಯಾರೋ" ಎಂದಳು.

ಮೇಸ್ತ್ರಿ ಚಪ್ಪಲಿ ಬಿಟ್ಟು ಕೈಕಾಲು ತೊಳೆಯಲು ಹೋದ.

ಬೇಕರಿ ಮಾಲೀಕ ಒಂದು ಸಂಜೆ ಹಣ್ಣು ಹಿಡಿದುಕೊಂಡು ನೋಡಲು ಬಂದ. ಮಾತಿಗೆ ಮಾತು ಬೆಳೆದು, ಮೇಸ್ತ್ರಿ ಹಲ್ಲು ಕಚ್ಚಿಕೊಂಡ ಕಥೆಯನ್ನು ಅಭಿನಯ ಮಾಡಿ ತೋರಿಸಿದ. "ಜೀವ ಹೋಗ್ತಿದೆ, ಆಗ್ಲೂ ‘ಅವಳು ಬೈತಾಳೆ’ ಅಂತಾರೆ! ಏನು ಶಿಸ್ತು ಅಮ್ಮ ನಿಮ್ಮದು!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಇನ್ಸ್‌ಪೆಕ್ಟ್ರಮ್ಮನೂ ನಕ್ಕಳು. ನಗುತ್ತಲೇ ಲೋಟ ಎತ್ತಿಕೊಂಡು ಒಳಗೆ ಹೋದವಳು ಮಾಲೀಕ ಹೋಗುವವರೆಗೆ ಹೊರಗೆ ಬರಲಿಲ್ಲ.

ಮರುದಿನದಿಂದ ಸೊಸೆಯ ಪಾಳಿ ಬದಲಾಯಿತು. ವ್ಯಾನು ಇನ್ನೂ ಬೇಗ ಬರುತ್ತದೆ. ಇನ್ನು ಯಾರು? ಮಗನ ಕೈ ಮೇಸ್ತ್ರಿಗಿಂತ ಹೆಚ್ಚು ನಡುಗುತ್ತದೆ. ಮೇಸ್ತ್ರಿಯೇ ಹಾಕಿಕೊಳ್ಳಬೇಕು. ಮೊದಲ ದಿನ ನೋಡಿಕೊಂಡೇ ಹೋಗೋಣವೆಂದು ಸೊಸೆ ಸಿರಿಂಜು, ಬಾಟಲಿ ಮುಂದಿಟ್ಟು ಕಾಫಿ ಪಾತ್ರೆಯ ಪಕ್ಕ ಕಾದು ನಿಂತಳು. ಬಾಗಿಲಲ್ಲಿ ಮಗ.

ಮೇಸ್ತ್ರಿ ಎಳೆದ. ಎರಡೆರಡು ಸಲ ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿದ.

"ಎಷ್ಟಿದೆ?" ಹೆಂಡತಿ ಕೇಳಿದಳು.

"ಸರಿಯಾಗಿದೆ."

"ಸರಿ ಅಂದ್ರೆ? ಗೀಟು ಹೇಳ್ರೀ."

"ಇಪ್ಪತ್ತು."

ಅವಳು ಬಗ್ಗಿ ನೋಡಿದಳು. ಮಂಜು ಅಷ್ಟಿಷ್ಟು ಕರಗಿತ್ತು, ಗೀಟು ಬಿಡಿಬಿಡಿಯಾಗಿ ಕಾಣುವಷ್ಟಲ್ಲ. ಇನ್ನು ಮೇಲೆ ಅವನ ಮಾತನ್ನೇ ನಂಬಬೇಕಿತ್ತು. ಇಷ್ಟು ವರ್ಷ ಯಾರ ಮಾತನ್ನು ನಂಬದೆ ಜೇಬು ತಡವಿದ್ದಳೋ ಆ ಮನುಷ್ಯನ ಮಾತು.

"ಹಲ್ಲು ಕಚ್ಕೊಂಡಿದ್ರಂತೆ."

"ಹೂಂ."

"ಜೀವ ಉಳಿಸೋ ಸಕ್ಕರೆ ರೀ ಅದು. ನನ್ನ ಕೈಯಿಂದಾನೇ ಹೋಗ್ಬಿಡ್ತಿದ್ರಿ. ಬಾಯಿ ಬಿಡೋಕೂ ಬಿಡಲಿಲ್ಲ ನಾನು."

ಗೋಡೆಯ ಕಡೆ ತಿರುಗಿ, ಸುಣ್ಣ ಉದುರಿದ ಜಾಗಕ್ಕೆ ಮುಖ ಮಾಡಿ ನಿಂತುಕೊಂಡಳು. ಮೇಸ್ತ್ರಿ ಅಂಗಿ ಎತ್ತಿ ಸೂಜಿ ಹಿಡಿದವನು ಹಾಗೇ ಕೂತ.

"ಲೇ, ಈ ಕಡೆ ತಿರುಗೇ."

"ನಂಗೆ ಕಾಣಲ್ಲ. ನಾನ್ಯಾಕೆ ಬೇಕು ಅಲ್ಲಿ?"

"ಕಾಣದಿದ್ರೂ ನೋಡು. ನೀನು ನೋಡ್ತಿದ್ರೆ ನಂಗೆ ಧೈರ್ಯ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ತಿರುಗಿದಳು. ಅವನ ಹೊಟ್ಟೆಯ ಮೇಲೆ ಎಲ್ಲೋ ಒಂದು ಕಡೆ ಕಣ್ಣು ನೆಟ್ಟಳು. ಅವನು ಮುಖ ಕಿವಿಚಿಕೊಂಡು ಚುಚ್ಚಿಕೊಂಡ.

"ಆಯ್ತು" ಎಂದ ಮೇಸ್ತ್ರಿ. "ಈಗ ನಿನ್ನ ಬೆರಳು ಕೊಡು."

ತಿರುವಿನಲ್ಲಿ ವ್ಯಾನು ಹಾರ್ನ್ ಹೊಡೆಯಿತು. ಅವಳು ಕೈಚಾಚಿದಳು. ಅಲ್ಲಿಯವರೆಗೂ ಯಾರೂ ಕಾಫಿ ಕೇಳಲಿಲ್ಲ.